ಏನಾಗಬೇಕು ನಿಮಗೆ?

"ಭಾವಾ, ಕಾಲು!"

ಕೂಗು ಕೇಳಿದ್ದೇ ತಡ, ಪರೀಕ್ಷಕ ಹಿಂದಕ್ಕೆ ಹಾರಿದ. ಲಾರಿಯ ಹಲಗೆಯಿಂದ ಜಾರಿದ ಮ್ಯಾನ್‌ಹೋಲ್ ಮುಚ್ಚಳ ಅವನ ಬೂಟು ಇದ್ದ ಜಾಗಕ್ಕೇ ಬಿದ್ದು, ಸಿಮೆಂಟು ನೆಲದ ಮೇಲೆ ಗಿರಗಿರನೆ ತಿರುಗಿ, ಗಡಗಡ ಸದ್ದು ಮಾಡುತ್ತ ಅಂಗಾತ ಮಲಗಿತು. ಸದ್ದು ಅಡಗಿದ ಮೇಲೆ ನಗರಸಭೆಯ ಪರೀಕ್ಷಾ ಕೊಠಡಿಯಲ್ಲಿ ಉಳಿದದ್ದು ಒಂದೇ ಪದ. ಭಾವ.

ಕೂಗಿದವನು ಎರಕದ ಕಾರ್ಖಾನೆಯ ಕಿರಿಯ ಪಾಲುದಾರ. ಇನ್ನೂ ಚಿಕ್ಕ ವಯಸ್ಸು. ಕನ್ನಡಕ ಜಾರದಂತೆ ಕಿವಿಗಳ ಹಿಂದೆ ಕೆಂಪು ರಬ್ಬರು ಪಟ್ಟಿ ಬಿಗಿದಿದ್ದ. ಬಾಯಿಂದ ಏನು ಬಂತು ಎಂಬುದು ಅವನಿಗೂ ಆಮೇಲೆ ಹೊಳೆದಂತಿತ್ತು. ನಾಲಿಗೆ ಕಚ್ಚಿಕೊಂಡು, ಬಿದ್ದ ಮುಚ್ಚಳವನ್ನು ಎತ್ತುವ ನೆಪದಲ್ಲಿ ಬಗ್ಗಿಬಿಟ್ಟ.

"ಬಿದ್ದಿದ್ದು ಬೇಡ, ಬೇರೆ ಇಳಿಸ್ರಪ್ಪ," ಎಂದ, ಮುಚ್ಚಳಗಳನ್ನು ಒತ್ತಿ ಪರೀಕ್ಷಿಸುವ ಪ್ರೆಸ್ ಯಂತ್ರ ನಡೆಸುವ ಗ್ರೀಸ್ ಮಾಮ. ಆಮೇಲೆ ಪರೀಕ್ಷಕನ ಕಡೆ ತಿರುಗಿ ಹಲ್ಲು ಕಿರಿದ. "ಏನ್ ಸಾರ್, ಹುಡುಗಿ ನೋಡೋದು ಯಾವಾಗ ಮುಗೀತು? ನಮಗೆ ಊಟಾನೇ ಹಾಕ್ಸಿಲ್ಲ?"

ಲಾರಿಯವರು ನಕ್ಕರು. ಬಾಗಿಲ ಬಳಿ ನಿಂತಿದ್ದ ನೆಂಟಮ್ಮ ಮಾತ್ರ ನಗಲಿಲ್ಲ.

ನೆಂಟಮ್ಮ ನಗರಸಭೆಯ ನಡತೆ ನಿಯಮಗಳ ಅಧಿಕಾರಿ. ಯಾವ ನೌಕರನ ನೆಂಟರು ಯಾವ ಗುತ್ತಿಗೆಗೆ ಕೈ ಹಾಕಿದ್ದಾರೆ ಎಂದು ವಿಚಾರಿಸುವುದೇ ಅವರ ಕೆಲಸವಾದ್ದರಿಂದ ಆ ಹೆಸರು ಅಂಟಿತ್ತು. ಹಿತಾಸಕ್ತಿ ಸಂಘರ್ಷ ಎಂಬ ಮಾತನ್ನು ಅವರು ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದರು, ಮಕ್ಕಳಿಗೆ ಕಹಿ ಔಷಧಿ ಕುಡಿಸುವವರ ಹಾಗೆ. ಅವರು ಪರೀಕ್ಷಕನನ್ನು ಕಿಟಕಿಯ ಬಳಿಗೆ ಕರೆದರು.

"ಆತ ನಿಮಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ ಮೇಡಂ. ಪರಿಚಯಾನೂ ಇಲ್ಲ."

"ಭಾವ ಅಂದ."

"ಬಾಯಿ ತಪ್ಪಿ ಅಂದಿರ್ಬೇಕು."

"ಬಾಯಿ ತಪ್ಪಿದಾಗ ಜನ ಅಯ್ಯೋ ಅಂತಾರೆ, ಅಮ್ಮಾ ಅಂತಾರೆ. ಭಾವ ಅಂದಿದ್ದು ನಾನು ಇದೇ ಮೊದಲು ಕೇಳಿದ್ದು." ಅವರು ದನಿ ತಗ್ಗಿಸಿದರು. "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ, ನಂಬ್ತೀನಿ. ಆದ್ರೆ ಗೊತ್ತಾದ ಗಳಿಗೇನೇ ಬಂದು ಹೇಳ್ಬೇಕು. ಗೊತ್ತಿದ್ದೂ ಪ್ರೆಸ್ ಮುಟ್ಟಿದ್ರೆ ನಾನೇನೂ ಮಾಡೋಕಾಗಲ್ಲ. ನಿಮ್ಮ ಕುರ್ಚೀಲಿ ಮುಂಚೆ ಕೂತಿದ್ದೋರ ಕತೆ ಗೊತ್ತಲ್ಲ?"

ಗೊತ್ತಿತ್ತು. ಹಿಂದಿನ ಪರೀಕ್ಷಕ ತನ್ನ ಷಡ್ಡಕನ ಮುಚ್ಚಳಗಳನ್ನು ಪಾಸು ಮಾಡಿದ್ದ. ಒಂದು ಮುಚ್ಚಳ ಬಸ್ಸಿನ ಚಕ್ರಕ್ಕೆ ಸಿಕ್ಕಿ ಒಡೆಯಿತು. ಹಿಂದೆಯೇ ಬಂದ ಸೈಕಲ್ ಸವಾರ ಸೈಕಲ್ ಸಮೇತ ಚರಂಡಿಗಿಳಿದ. ಷಡ್ಡಕ ಈಗಲೂ ವ್ಯಾಪಾರ ಮಾಡುತ್ತಿದ್ದಾನೆ. ಪರೀಕ್ಷಕ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಆ ಜಾಗಕ್ಕೆ ಬಂದ ಇವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಶುಕ್ರವಾರದ ಪರೀಕ್ಷೆ ಅವನು ಒಬ್ಬನೇ ನಡೆಸುವ ಮೊದಲನೆಯದು. ಮೂರು ಕಾರ್ಖಾನೆಗಳ ಮುಚ್ಚಳಗಳು ಒಂದೊಂದಾಗಿ ಪ್ರೆಸ್ಸಿನ ಕೆಳಗೆ ಹೋಗುತ್ತವೆ. ಯಾವುದು ಹೆಚ್ಚು ಭಾರ ತಡೆಯುತ್ತದೋ ಅದಕ್ಕೆ ಇಡೀ ನಗರದ ರಸ್ತೆಗಳು.

ಮನೆಗೆ ನಡೆದು ಹೋಗುತ್ತ ಅವನು ಲೆಕ್ಕ ಹಾಕಿದ. ಭಾವ ಎಂಬ ಪದಕ್ಕೆ ಬಾಗಿಲುಗಳು ಕಡಿಮೆ. ಅಕ್ಕನ ಗಂಡ ಭಾವ. ಗಂಡನ ಅಣ್ಣ ಭಾವ. ಹೆಂಡತಿಯ ಅಣ್ಣ ಭಾವ. ಅವನಿಗೆ ಮದುವೆಯಾಗಿಲ್ಲ, ಹಾಗಾಗಿ ಅವನು ಯಾರ ಅಕ್ಕನ ಗಂಡನೂ ಅಲ್ಲ. ಪಾಲುದಾರ ಹೆಂಗಸಲ್ಲ. ಉಳಿದದ್ದು ಒಂದೇ ಬಾಗಿಲು, ಅದರ ಹಿಂದೆ ಅವನ ಒಬ್ಬಳೇ ತಂಗಿ ನಿಂತಿದ್ದಳು.

ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕೆಂಪು ರಬ್ಬರು ಪಟ್ಟಿಗಳು ಅವಳ ಅಂಗಡಿಯ ಕೌಂಟರಿನ ಮೇಲೆ ಗೊಂಚಲಾಗಿ ನೇತಾಡುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಈಗ ಆ ಗೊಂಚಲು ನೆನಪಿಗೆ ಬಾರದಿರಲಿ ಎಂದು ಬೀದಿದೀಪದ ಕಂಬಗಳನ್ನು, ನಾಯಿಗಳನ್ನು, ಅಪರಿಚಿತರ ಚಪ್ಪಲಿಗಳನ್ನು ನೋಡುತ್ತ ನಡೆದ. ರಬ್ಬರು ಪಟ್ಟಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಊಹೆ ಬೇರೆ, ಗೊತ್ತಿರುವುದು ಬೇರೆ. ಅವಳು ಬಾಯಿಬಿಟ್ಟು ಹೇಳುವವರೆಗೆ ಅವನಿಗೆ ಏನೂ ಗೊತ್ತಿಲ್ಲ. ಶುಕ್ರವಾರ ಸಂಜೆಯ ತನಕ ಅವಳು ಬಾಯಿ ಬಿಡಬಾರದು, ಅಷ್ಟೇ.

ಬಾಗಿಲು ತೆಗೆದವಳೇ ತಂಗಿ.

"ಅಣ್ಣಾ, ನಿನ್ಹತ್ರ ಒಂದ್ ಮಾತಿತ್ತು."

"ಸ್ನಾನ ಮಾಡಿ ಬರ್ತೀನಿ."

"ಬೆಳಿಗ್ಗೆ ಮಾಡಿದ್ಯಲ್ಲ?"

"ಲಾರಿ ಧೂಳು," ಎಂದವನೇ ಬಚ್ಚಲಿಗೆ ನುಗ್ಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಬಕೆಟ್ಟು ತುಂಬಿತು, ಹರಿಯಿತು. ಅವನು ಬಟ್ಟೆ ಕೂಡ ಬಿಚ್ಚದೆ ಗೋಡೆಗೆ ಒರಗಿ ನಿಂತಿದ್ದ. ಬಾಗಿಲಾಚೆ ತಂಗಿಯ ದನಿ ನೀರಿನ ನಡುವೆ ತುಂಡುತುಂಡಾಗಿ ಬಂತು.

"ಇನ್ನೂ ಸ್ವಲ್ಪ ಹೊತ್ತು ಹಾಗೇ ಇರು, ಮೊಸಳೆ ಆಗ್ತೀಯ! ಎಷ್ಟು ದಿನದಿಂದ ಹೇಳ್ಬೇಕು ಅಂತ… ನೀನು…"

ಅವನು ಹಾಡು ಹೇಳತೊಡಗಿದ. ಅವನಿಗೆ ಹಾಡು ಬರುತ್ತಿರಲಿಲ್ಲ.

ಊಟದ ಹೊತ್ತಿಗೆ ಅಮ್ಮ ಇಬ್ಬರ ಮುಖವನ್ನೂ ನೋಡಿದರು. "ಏನೋ ನಿಂದು? ತಂಗಿ ಮಾತಾಡ್ಸಿದ್ರೆ ಬಚ್ಚಲಿಗೆ ಹೋಗಿ ಊಳಿಡ್ತೀಯ?"

"ಆಫೀಸಿನ ತಲೆನೋವು ಅಮ್ಮ. ಶುಕ್ರವಾರ ಮುಗಿಯುತ್ತೆ. ಶುಕ್ರವಾರ ಆದ್ಮೇಲೆ ಯಾರು ಏನು ಬೇಕಾದ್ರೂ ಹೇಳ್ಲಿ."

"ಯಾಕೆ, ಅಲ್ಲೀತನಕ ನಿನ್ನ ಕಿವಿಗೆ ರಜಾನಾ?" ಎಂದಳು ತಂಗಿ. ಅವಳ ನಗು ಅರ್ಧದಲ್ಲೇ ನಿಂತಿತು. "ಅದು ಅಲ್ಲೀತನಕ ಕಾಯೋ ಮಾತಲ್ಲ. ನಾಳೆ ನಾನು ಒಂದು ಉತ್ತರ ಕೊಡ್ಬೇಕು."

ಯಾರಿಗೆ ಎಂದು ಕೇಳುವುದು ಯಾವ ಅಣ್ಣನಿಗೂ ಸಹಜ. ಪದ ಗಂಟಲಿನ ತನಕ ಬಂದಿತ್ತು. ಅವನು ಅದರ ಮೇಲೆ ನೀರು ಕುಡಿದು, ತಟ್ಟೆ ಎತ್ತಿಕೊಂಡು ಎದ್ದ.

ಬೆನ್ನ ಹಿಂದೆ ತಂಗಿ ಮೆಲ್ಲಗೆ ಹೇಳಿದಳು. "ಸರಿ ಬಿಡು. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ನಿನಗೆ ಇಷ್ಟ ಇಲ್ಲದ್ದು ನನಗೂ ಬೇಡ. ಅವರಿಗೆ ಹಾಗೇ ಹೇಳ್ಬಿಡ್ತೀನಿ."

ಅವರಿಗೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಅವನು ಆ ಪದವನ್ನು ಬಿಚ್ಚಿ ನೋಡಿದ. ಅವರು ಎಂದರೆ ಒಬ್ಬರೂ ಆಗಬಹುದು, ಹತ್ತು ಜನರೂ ಆಗಬಹುದು. ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಅಂಗಡಿಯ ಯಜಮಾನಿಯೇ ಇರಬಹುದು, ಬೇರೆ ಶಾಖೆಗೆ ಹೋಗುತ್ತೀಯಾ ಎಂದು ಕೇಳಿರಬಹುದು. ಇಷ್ಟು ಮಸುಕಾದ ಪದವನ್ನು ಹಿಡಿದುಕೊಂಡು ನೆಂಟಮ್ಮನ ಮುಂದೆ ಹೋಗಿ ನಿಲ್ಲುವುದು ಹೇಗೆ? ಮೇಡಂ, ನನ್ನ ತಂಗಿ ಅವರಿಗೆ ಎಂದಳು. ಯಾರಿಗೆ? ತಿಳಿಯದು ಮೇಡಂ, ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಅಲ್ಲಿಗೆ ಬಂದಾಗಲೆಲ್ಲ ಅವನು ಮತ್ತೊಂದು ಮಗ್ಗುಲಿಗೆ ಹೊರಳುತ್ತಿದ್ದ.

ಮರುದಿನ ತಂಗಿ ಅವನೊಡನೆ ಮಾತನಾಡಲಿಲ್ಲ. ಅವನಿಗೆ ಬೇಕಾಗಿದ್ದೂ ಅದೇ. ಆದರೂ ಅವಳು ಬಾಚಣಿಗೆಯನ್ನು ಕನ್ನಡಿಯ ಮುಂದೆ ಇಟ್ಟ ಸದ್ದಿಗೂ ಬೆಚ್ಚಿಬಿದ್ದ.

ಶುಕ್ರವಾರ ಪರೀಕ್ಷಾ ಕೊಠಡಿಯಲ್ಲಿ ಹಳದಿ ಗೆರೆಯ ಆಚೆ ಮೂರು ಕಾರ್ಖಾನೆಯವರು ನಿಂತಿದ್ದರು. ಮುಖ್ಯ ಎಂಜಿನಿಯರು ಕುರ್ಚಿಯಲ್ಲಿ, ನೆಂಟಮ್ಮ ಅವರ ಪಕ್ಕದಲ್ಲಿ. ಗ್ರೀಸ್ ಮಾಮ ಪ್ರೆಸ್ಸಿನ ಬಳಿ. ಮುಚ್ಚಳವನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸುವುದು ಪರೀಕ್ಷಕನದೇ ಕೆಲಸ. ಜನ ತಿಳಿದಂತೆ ಇಲ್ಲಿ ಎಲ್ಲವನ್ನೂ ಯಂತ್ರ ತೀರ್ಮಾನಿಸುವುದಿಲ್ಲ. ಮುಚ್ಚಳದ ನಡು ಪ್ರೆಸ್ಸಿನ ದಂಡಕ್ಕೆ ನೇರವಾಗಿರಬೇಕು. ಬೆರಳಗಲ ಅತ್ತ ಸರಿದರೆ ಒಳ್ಳೆಯ ಮುಚ್ಚಳವೂ ಬೇಗ ಒಡೆಯುತ್ತದೆ. ಅಂಚಿನ ಕೆಳಗೆ ಮರಳಿನ ಒಂದು ಕಾಳು ಉಳಿದರೂ ಸಾಕು. ಅದು ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ತಿಳಿಯುವಂಥದ್ದು.

ಮೊದಲನೆಯದು ಒಡೆಯಿತು. ಎದೆಯೊಳಗೇ ಏನೋ ಮುರಿದಂಥ ಸದ್ದು. ಗ್ರೀಸ್ ಮಾಮ ಮುಳ್ಳು ನಿಂತ ಅಂಕಿಯನ್ನು ಕೂಗಿ ಹೇಳಿದ. ಎರಡನೆಯದು ಅದಕ್ಕಿಂತ ಹೆಚ್ಚು ಭಾರ ತಡೆದು ಒಡೆಯಿತು. ಅದರ ಮಾಲೀಕ, ಚಿನ್ನದ ಗಡಿಯಾರದವನು, ಆಗಲೇ ಗೆದ್ದವನಂತೆ ಕೈ ಉಜ್ಜಿಕೊಂಡ.

ಮೂರನೆಯದನ್ನು ಪಾಲುದಾರ ಗೆರೆಯ ತನಕ ಉರುಳಿಸಿಕೊಂಡು ಬಂದ. ಅವನ ಕನ್ನಡಕಕ್ಕೆ ಪಟ್ಟಿ ಇರಲಿಲ್ಲ. ಮೂಗಿನ ಮೇಲಿಂದ ಜಾರುತ್ತಿದ್ದುದನ್ನು ಭುಜದಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ.

"ತಗೊಳ್ಳಿ ಸಾರ್," ಎಂದ, ಪರೀಕ್ಷಕನ ಅಂಗಿಯ ಗುಂಡಿಗಳನ್ನು ನೋಡುತ್ತ.

ಸಾರ್. ಭಾವ ಅಲ್ಲ. ಹಾಗಾದರೆ ತಂಗಿ ಉತ್ತರ ಕೊಟ್ಟಾಗಿದೆ. ಹಾಗಾದರೆ ಈಗ ಈ ಪಾಲುದಾರ ನಿಜಕ್ಕೂ ತನಗೆ ಯಾರೂ ಅಲ್ಲ, ಯಾವ ನಿಯಮವೂ ಮುರಿಯುವುದಿಲ್ಲ, ಕೈ ಶುದ್ಧ. ಎರಡು ದಿನದಿಂದ ಬಯಸಿದ್ದು ಇದನ್ನೇ ಅಲ್ಲವೇ?

ಮುಚ್ಚಳವನ್ನು ಚೌಕಟ್ಟಿನ ಮೇಲಿಟ್ಟ. ಅಂಚನ್ನು ಬೆರಳಿನಿಂದ ಸವರಿದ. ಸರಿಯಾಗಿ ಕೂತಿದೆ ಅನ್ನಿಸಿತು. ಮತ್ತೆ ಸವರಿದ, ಎಡಕ್ಕಿದೆ ಅನ್ನಿಸಿತು. ಸರಿಪಡಿಸಿದ. ಸರಿಪಡಿಸಿದ್ದು ಯಾಕೆ, ಎಡಕ್ಕಿದ್ದುದಕ್ಕೋ ಇದು ಒಡೆಯದಿರಲಿ ಎಂದೋ? ಹಾಗೆಂದು ಯಾರಾದರೂ ಅಂದುಕೊಂಡಾರೆಂದು ಮತ್ತೆ ಎಡಕ್ಕೆ ತಳ್ಳಿದ. ಬೆರಳುಗಳಿಗೆ ಏನೂ ತಿಳಿಯದಾಗಿತ್ತು.

"ಸಾರ್, ಕೂತಿದೆಯಾ? ಬಿಡ್ಲಾ?" ಎಂದ ಗ್ರೀಸ್ ಮಾಮ.

ಕೈ ಹಿಂದಕ್ಕೆ ತೆಗೆದುಕೊಂಡು ಪರೀಕ್ಷಕ ಹೇಳಿದ. "ಬೇಡ. ಇದನ್ನ ನಾನು ಮಾಡೋ ಹಾಗಿಲ್ಲ."

ನೆಂಟಮ್ಮ ಎದ್ದು ನಿಂತರು. "ಗೊತ್ತಾಯ್ತಾ ಏನಾದ್ರೂ?"

"ಇಲ್ಲ ಮೇಡಂ. ಗೊತ್ತಾಗ್ಬಾರ್ದು ಅಂತ ತಪ್ಪಿಸ್ಕೊಂಡು ಓಡಾಡ್ದೆ. ನನ್ನ ತಂಗಿ ಹೇಳೋಕೆ ಬಂದ್ಲು, ನಾನು ಕೇಳಿಸ್ಕೊಳ್ಳಲಿಲ್ಲ."

ಪಾಲುದಾರನ ಕನ್ನಡಕ ಜಾರಿ ಎದೆಯ ಮೇಲೆ ಬಿತ್ತು. ಅವನು ಅದನ್ನು ಹಿಡಿದುಕೊಂಡು ಹಾಗೇ ನಿಂತ. ಚಿನ್ನದ ಗಡಿಯಾರದವನು ಮಾತ್ರ ಸುಮ್ಮನಿರಲಿಲ್ಲ. "ಇದೇನ್ರೀ ಇದು ನಾಟಕ! ನಮ್ಮದು ಒಡೆದ ಮೇಲೆ ಇವರಿಗೆ ತಂಗಿ ನೆನಪಾದ್ಲಾ?"

"ಪರೀಕ್ಷೆ ರದ್ದು," ಎಂದರು ಮುಖ್ಯ ಎಂಜಿನಿಯರು. "ಮೂವರೂ ಹೊಸ ಮುಚ್ಚಳ ತನ್ನಿ. ಬೇರೆಯೋರು ಮಾಡ್ತಾರೆ." ಪರೀಕ್ಷಕನ ಕಡೆ ಅವರು ನೋಡಲೂ ಇಲ್ಲ.

ನೆಂಟಮ್ಮ ನೋಡಿದರು. "ಮೊದಲೇ ಹೇಳಿದ್ರೆ ಒಂದು ಸಹಿಯಲ್ಲಿ ಮುಗೀತಿತ್ತು. ಈಗ ನಿಮ್ಮನ್ನ ಖಾಯಂ ಮಾಡೋ ಮಾತು ನನ್ನ ಕೈಲಿಲ್ಲ. ಸೋಮವಾರ ಬನ್ನಿ. ಕೆಲಸಕ್ಕಲ್ಲ, ನನ್ನ ಕೋಣೆಗೆ." ಸ್ವಲ್ಪ ತಡೆದು, "ಮೊದ್ಲು ಆ ಹುಡುಗಿ ಹೇಳೋದನ್ನ ಕೇಳಿಸ್ಕೊಳ್ಳಿ," ಎಂದರು.

ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ತಂಗಿ ಒಂದು ಮಸೂರವನ್ನು ಬೆಳಕಿಗೆ ಹಿಡಿದು ಒರೆಸುತ್ತಿದ್ದಳು. ಅಣ್ಣನನ್ನು ಈ ಹೊತ್ತಿನಲ್ಲಿ ಕಂಡು ಅವಳ ಕೈ ನಿಂತಿತು.

"ಅಮ್ಮಂಗೇನಾಯ್ತು?"

"ಏನಿಲ್ಲ. ನೀನು ಹೇಳ್ಬೇಕು ಅಂದಿದ್ಯಲ್ಲ, ಹೇಳು."

"ಈಗ ಹೇಳೋದು ಏನಿದೆ? ಬೇಡ ಅಂತ ಹೇಳಿ ಆಯ್ತು ನಿನ್ನೆ."

"ನಾನು ಬೇಡ ಅಂದಿರ್ಲಿಲ್ಲ."

"ಬಚ್ಚಲಲ್ಲಿ ಕೂತು ಹಾಡಿದ್ಯಲ್ಲ, ಅದಕ್ಕೆ ಏನರ್ಥ ಮಾಡ್ಕೋಬೇಕಿತ್ತು ನಾನು?"

ಅವನು ಎಲ್ಲವನ್ನೂ ಹೇಳಿದ, ಹಿಂದುಮುಂದಾಗಿ. ಅವಳು ಕೇಳುತ್ತ ಕೇಳುತ್ತ ಕೆಂಪಾದಳು.

"ಅಷ್ಟು ಜನ ಗಂಡಸರ ಮುಂದೆ ನನ್ನ ವಿಷಯ ಎತ್ತಿದ್ಯಾ?"

"ಹೆಸರು ಹೇಳ್ಲಿಲ್ಲ. ತಂಗಿ ಅಂದೆ ಅಷ್ಟೇ."

"ಓಹೋ! ನಿನಗೆ ಎಷ್ಟು ಜನ ತಂಗಿಯರಪ್ಪಾ?"

ಅವಳು ಮಸೂರವನ್ನು ಬಟ್ಟೆಯಲ್ಲಿ ಸುತ್ತಿಟ್ಟಳು.

"ಅವರ ಮುಚ್ಚಳ ಒಡೀತಾ?"

"ಗೊತ್ತಿಲ್ಲ. ಒತ್ತಲಿಲ್ಲ."

"ನಿನ್ನ ಕೆಲಸ?"

"ಅದೂ ಗೊತ್ತಿಲ್ಲ."

ತಂಗಿ ಸುತ್ತಿಟ್ಟ ಮಸೂರವನ್ನು ಪಕ್ಕಕ್ಕೆ ಸರಿಸಿದಳು. "ಅವರಿಗೆ ಈಗ ನಾನು ಯಾವ ಬಾಯಲ್ಲಿ ಹೇಳ್ಲಿ? ಒಂದು ಸಲ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೀನಿ. ಮತ್ತೆ ಕೇಳಿಸ್ಕೋತಾರೋ ಇಲ್ವೋ."

"ನಾನು ಮಾತಾಡ್ಲಾ?"

"ನೀನು ಬಾಯಿ ಬಿಟ್ಟಿದ್ದು ಸಾಕು ಇವತ್ತಿಗೆ." ಅವಳು ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಕೂತ್ಕೋ. ಮೊದಲಿಂದ ಹೇಳ್ತೀನಿ. ಮಧ್ಯದಲ್ಲಿ ಎದ್ದು ಹೋದ್ಯೋ, ನೋಡು ಮತ್ತೆ."

ಅವನು ಕೂತ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅವಳು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ ಬಂದು, ಸ್ಟೂಲ್ ಎಳೆದುಕೊಂಡು, ಕೆಳದನಿಯಲ್ಲಿ ಶುರು ಮಾಡಿದಳು.