ಪೋಸ್ಟ್‌ಮನ್ ಮನೆಯಲ್ಲೇ ಉಳಿದುಬಿಟ್ಟ ಲಗ್ನಪತ್ರಿಕೆ

ನಾನು ಒಂದು ಬೀಸಣಿಕೆ. ಹುಟ್ಟುವಾಗ ಬೀಸಣಿಕೆಯಾಗಿರಲಿಲ್ಲ, ಲಗ್ನಪತ್ರಿಕೆಯಾಗಿದ್ದೆ. ಅದೂ ಎಂಥ ಪತ್ರಿಕೆ ಅಂತೀರಿ! ಇಳಕಲ್ಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ, ದಪ್ಪ ಹಳದಿ ಕಾಗದದ ಮೇಲೆ ಕೆಂಪು ಅಕ್ಷರ, ಅಂಚಿಗೆಲ್ಲ ಬಂಗಾರದ ಬಣ್ಣದ ಬಳ್ಳಿ. ನನ್ನ ಜೊತೆ ಐನೂರು ಪತ್ರಿಕೆಗಳು ಹುಟ್ಟಿದವು. ನನಗೆ ಮಾತ್ರ ಮೊದಲ ದಿನದಿಂದಲೇ ಸ್ವಲ್ಪ ಜಂಬ. ಅದಕ್ಕೆ ಕಾರಣವೂ ಇತ್ತು.

ಮದುಮಗಳು ಭಾಗ್ಯಶ್ರೀಯ ತಾಯಿ ಕಸ್ತೂರೆವ್ವ ಉಳಿದ ಪತ್ರಿಕೆಗಳ ಮೇಲೆ ಹೆಸರು ಬರೆಯುವ ಕೆಲಸವನ್ನು ಮನೆಯವರಿಗೆ ಬಿಟ್ಟಿದ್ದಳು. ನನ್ನನ್ನು ಮಾತ್ರ ತಾನೇ ತೆಗೆದುಕೊಂಡಳು. ನನ್ನ ಖಾಲಿ ಬೆನ್ನಿನ ಮೇಲೆ ಸೊಟ್ಟ ಸೊಟ್ಟ ಅಕ್ಷರದಲ್ಲಿ ಬರೆದಳು: 'ದಾನವ್ವಕ್ಕ, ನೀ ನಾಕ ದಿನಾ ಮೊದಲ ಬಾ. ಭಾಗ್ಯಾಗ ಅರಿಷಿಣಾ ನೀನ ಹಚ್ಚಬೇಕು. ನೀ ಬರೂತನಾ ನಾ ಯಾರನ್ನೂ ಮುಟ್ಟಗೊಡಂಗಿಲ್ಲ.' ಆಮೇಲೆ ನನ್ನ ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ, ಗಂಡ ಮಹಾಂತಪ್ಪನ ಕೈಯಲ್ಲಿ ಕೊಟ್ಟು ಬಾಗಲಕೋಟೆಗೆ ಕಳಿಸಿದಳು.

ದಾನವ್ವ ಕಸ್ತೂರೆವ್ವನ ಅಕ್ಕ. ನಾನು ಹೋದ ದಿನ ಅವಳು ಮನೆಯಲ್ಲಿರಲಿಲ್ಲ, ಮಗಳ ಬಾಣಂತನಕ್ಕೆಂದು ವಿಜಯಪುರಕ್ಕೆ ಹೋಗಿದ್ದಳು. ಬಾಗಿಲು ತೆರೆದವನು ಅವಳ ಗಂಡ ಸಂಗಪ್ಪ. ಈ ಸಂಗಪ್ಪ ಯಾರು ಗೊತ್ತೇ? ಮೂವತ್ನಾಲ್ಕು ವರ್ಷ ಪೋಸ್ಟ್‌ಮನ್ ಆಗಿದ್ದವನು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ ಜನ ನವನಗರಕ್ಕೆ ಬಂದಾಗಲೂ ಯಾರ ಮನೆ ಎಲ್ಲಿ ಹೋಯಿತು ಅಂತ ಕೇಳಿ ಕೇಳಿ ಕಾಗದ ಮುಟ್ಟಿಸಿದವನು. ಒಳ್ಳೆಯ ಕೈ ಸೇರಿದೆ, ಇನ್ನೇನು ಚಿಂತೆ ಅಂದುಕೊಂಡೆ.

"ಬಂದ ಕೂಡಲೇ ಕೊಡ್ತೀನಿ ಬಿಡ್ರಿ, ನನಗ ಹೇಳಬೇಕೇನು?" ಅಂದ ಸಂಗಪ್ಪ. ಷಡ್ಡಕನಿಗೆ ಚಹಾ ಮಾಡಿಕೊಟ್ಟು ಕಳಿಸಿ, ನನ್ನನ್ನು ಮೀಟರ್ ಬೋರ್ಡಿನ ಮೇಲಿಟ್ಟ. ಎರಡು ದಿನಕ್ಕೆ ಯುಗಾದಿಯ ಸುಣ್ಣ ಬಳಿಯುವವರು ಬಂದರು. ಅವರು ಮೀಟರ್ ಬೋರ್ಡಿನ ಮೇಲಿದ್ದುದನ್ನೆಲ್ಲ ಬಾಚಿ, ಹಳೆಯ ಲಗ್ನಪತ್ರಿಕೆಗಳ ಕಟ್ಟಿಗೆ ನನ್ನನ್ನೂ ಸೇರಿಸಿ ಅಟ್ಟಕ್ಕೆ ಎಸೆದರು. ಸಂಗಪ್ಪ ಮರೆತೇಬಿಟ್ಟ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ!

ದಾನವ್ವ ಬಂದಳು. ತಂಗಿಯ ಮಗಳ ಲಗ್ನದ ಸುದ್ದಿ ಅವರಿವರಿಂದ ಕೇಳಿದಳು. ಕೇಳಿಯೂ ತುಟಿ ಬಿಚ್ಚಲಿಲ್ಲ. ಇಂದು ಬಂದಾಳು, ನಾಳೆ ಬಂದಾಳು, ಕುಂಕುಮ ಹಚ್ಚಿ ಕರೆದಾಳು ಅಂತ ದಾರಿ ನೋಡಿದಳು. ನಮ್ಮ ಕಡೆ ಒಡಹುಟ್ಟಿದವರನ್ನು ಪತ್ರಿಕೆ ಕೊಟ್ಟೇ ಕರೆಯಬೇಕು, ಗಾಳಿಮಾತು ಕೇಳಿ ಯಾರೂ ಹೋಗುವುದಿಲ್ಲ. ಲಗ್ನ ಮುಗಿದ ಮೂರನೆಯ ದಿನ, ಗಂಡನಿಗೆ ಊಟಕ್ಕೆ ಬಡಿಸುತ್ತ ಅವಳು ಬಾಯಿಬಿಟ್ಟಳು. "ಬೆನ್ನಿಗೆ ಬಿದ್ದಾಕಿ ನನಗ ಒಂದು ಕಾಗದ ಕೊಡಲಿಲ್ಲ ನೋಡ್ರಿ. ಇನ್ನ ನಾ ಸತ್ತರೂ ಅಕಿ ಹೊಸ್ತಿಲಾ ತುಳಿಯಂಗಿಲ್ಲ."

ಸಂಗಪ್ಪನ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ಆ ಮಧ್ಯಾಹ್ನ ಅವನು ಅಟ್ಟ ಹತ್ತಿ ನನ್ನನ್ನು ಹುಡುಕಿ ತೆಗೆದ. ಬೆನ್ನಿನ ಬರಹ ಓದಿದ. ಆಗಲೇ ಕೆಳಗಿಳಿದು ಹೇಳಿದ್ದರೆ ಎರಡು ಬೈಗುಳಕ್ಕೆ ಮುಗಿಯುತ್ತಿತ್ತು. ಇವನು ಹೆಂಡತಿಯ ಬಾಯಿಗೆ ಹೆದರಿ ನನ್ನನ್ನು ಮತ್ತೆ ಕಟ್ಟಿನ ನಡುವೆ ತುರುಕಿದ. ಎಂಥ ಪುಕ್ಕಲ! ಹೀಗೆ ನನ್ನ ಕಾರಣದಿಂದ ಅಕ್ಕತಂಗಿಯರ ಮಾತು ನಿಂತಿತು. ಕರೆದರೂ ಬರಲಿಲ್ಲ ಅಂತ ಅಲ್ಲಿ ಅವಳ ಮುನಿಸು, ಕರೆಯಲೇ ಇಲ್ಲ ಅಂತ ಇಲ್ಲಿ ಇವಳ ಸಿಟ್ಟು. ಎರಡು ವರ್ಷ ನಾನು ಅಟ್ಟದ ಧೂಳಿನಲ್ಲಿ ಬಿದ್ದು, ದಾನವ್ವ ತಂಗಿಯನ್ನು ಶಪಿಸುವುದನ್ನು ಕೇಳಿದೆ. ಕೆಲವು ಸಲ ಶಪಿಸಿ ಅಳುತ್ತಿದ್ದಳು.

ಆಮೇಲೆ ಒಂದು ಏಪ್ರಿಲ್‌ನಲ್ಲಿ ನವನಗರದ ನಿವೃತ್ತರ ಭವನದಲ್ಲಿ ಹಿರಿಯರಿಗೆಂದೇ ಬೇಸಿಗೆ ಶಿಬಿರ ಮಾಡಿದರು. ಮೊಮ್ಮಕ್ಕಳಿಗಷ್ಟೇ ಶಿಬಿರವೇಕೆ, ನಮಗೂ ಇರಲಿ ಅಂತ ಅಜ್ಜ ಅಜ್ಜಿಯರೇ ಹಟ ಹಿಡಿದಿದ್ದರಂತೆ. ದಿನಕ್ಕೊಂದು ಸುಲಭದ ವಸ್ತು ಮಾಡುವುದು, ಸಂಜೆ ಅದನ್ನು ಮನೆಗೆ ಒಯ್ಯುವುದು. ಕಲಿಸುವವರು ಮೆಹರುನ್ನಿಸಾ ಟೀಚರ್, ನಿವೃತ್ತ ಡ್ರಾಯಿಂಗ್ ಟೀಚರ್. ದಾನವ್ವ ಸಂಗಪ್ಪ ಇಬ್ಬರೂ ಸೇರಿದರು. ಮೊದಲ ದಿನ ಮಣ್ಣಿನ ಕುಡಿಕೆಗೆ ಬಣ್ಣ, ಎರಡನೆಯ ದಿನ ಮಣಿತೋರಣ, ಮೂರನೆಯ ದಿನ ಹಳೆ ಸೀರೆಯ ಕಾಲೊರೆಸು. ಸಂಗಪ್ಪನ ಕುಡಿಕೆ ನೋಡಿ ದಾನವ್ವ, "ಇದೇನ್ರಿ, ದನಾ ತುಳದಂಗ ಐತಲ್ಲ!" ಅಂತ ನಕ್ಕಳಂತೆ.

ಮೂರನೆಯ ಸಂಜೆ ಟೀಚರ್ ಹೇಳಿದರು: "ನಾಳೆ ಬೀಸಣಿಕೆ ಮಾಡೂಣ. ಎಲ್ಲಾರೂ ಮನ್ಯಾಗಿನ ಹಳೆ ಲಗ್ನಪತ್ರಿಕೆ ತರ್ರಿ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಸಂಗಪ್ಪನ ಪಾಡು. ಮರುದಿನ ಅವನು ಕ್ಷೌರಕ್ಕೆ ಹೋಗಿ ಬರುವಷ್ಟರಲ್ಲಿ ದಾನವ್ವ ಪಕ್ಕದ ಮನೆಯವರಿಂದ ಅಟ್ಟದ ಕಟ್ಟನ್ನು ಇಳಿಸಿಕೊಂಡು, ಬಿಚ್ಚಿಯೂ ನೋಡದೆ ಚೀಲಕ್ಕೆ ಹಾಕಿದ್ದಳು.

"ಅವು ಬ್ಯಾಡ, ಪ್ಯಾಟ್ಯಾಗ ಹೊಸಾ ಕಾಗದ ತರ್ತೀನಿ," ಅಂದ ಸಂಗಪ್ಪ.

"ಧೂಳು ತಿನ್ನೂ ಕಾಗದಕ್ಕ ಇಷ್ಟ್ಯಾಕ ಮರಗತೀರಿ? ನಡೀರಿ ಸುಮ್ನ," ಅಂದಳು ದಾನವ್ವ.

ಭವನದಲ್ಲಿ ಕಟ್ಟು ಬಿಚ್ಚಿದ ಕ್ಷಣವೇ ಸಂಗಪ್ಪ ಗಿಡುಗನಂತೆ ಎರಗಿ ನನ್ನನ್ನು ಎತ್ತಿಕೊಂಡ. ಟೀಚರ್ ವಿಧಾನ ಹೇಳಿಕೊಟ್ಟರು. ಎರಡು ಪತ್ರಿಕೆ ದುಂಡಗೆ ಕತ್ತರಿಸಬೇಕು. ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಬಿದಿರಿನ ಕಡ್ಡಿ ಇಟ್ಟು ಮೈದಾ ಅಂಟಿನಿಂದ ಅಂಟಿಸಬೇಕು. ಬಣ್ಣದ ಬದಿ ಎರಡೂ ಕಡೆ ಹೊರಗೆ. ಅಯ್ಯೋ ದೇವರೇ! ಹಾಗಾದರೆ ನನ್ನ ಬೆನ್ನಿನ ಬರಹ ಶಾಶ್ವತವಾಗಿ ಒಳಗೆ! ಸಂಗಪ್ಪನ ಮುಖದಲ್ಲಿ ಎರಡು ವರ್ಷದಲ್ಲಿ ಕಾಣದ ಕಳೆ ಬಂತು. ನನ್ನ ಮೂಲೆಗಳನ್ನು ಕತ್ತರಿಸಿದ. ನೋವಾಯಿತು, ತಡೆದುಕೊಂಡೆ. ಬರಹಕ್ಕೆ ಕತ್ತರಿ ತಾಗಲಿಲ್ಲ. ಬೆರಳಿನ ತುಂಬ ಅಂಟು ತೆಗೆದು ನನ್ನ ಬೆನ್ನಿಗೆ ತಂದ.

ಬೆರಳು ಅಲ್ಲೇ ನಿಂತಿತು. 'ನೀ ಬರೂತನಾ ನಾ ಯಾರನ್ನೂ ಮುಟ್ಟಗೊಡಂಗಿಲ್ಲ.' ಅವನು ಅದನ್ನು ಓದಿದ. ಮತ್ತೊಮ್ಮೆ ಓದಿದ. ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳು ಕನ್ನಡಕ ಮೂಗಿಗೆ ಇಳಿಸಿಕೊಂಡು ಮಕ್ಕಳಂತೆ ನಾಲಿಗೆ ಕಚ್ಚಿ ಕತ್ತರಿಸುತ್ತಿದ್ದಳು. ಸಂಗಪ್ಪ ನನ್ನನ್ನು ಮಗುಚಿದ. ನನ್ನ ಚೆಂದದ ಬಂಗಾರದ ಮುಖಕ್ಕೆ ಅಂಟು ಮೆತ್ತಿ, ಬರಹದ ಬೆನ್ನನ್ನು ಹೊರಗಿಟ್ಟು ಅಂಟಿಸಿದ. ನನ್ನ ಚೆಲುವೆಲ್ಲ ಹೋಯಿತು. ಆದರೂ ಅಂದು ನನಗಾದಷ್ಟು ಸಂತೋಷ ಯಾವ ಪತ್ರಿಕೆಗೂ ಆಗಿರಲಿಕ್ಕಿಲ್ಲ.

"ಸಂಗಪ್ಪನವರ, ಉಲ್ಟಾ ಹಚ್ಚೀರಲ್ಲ!" ಅಂದರು ಟೀಚರ್.

"ಇಲ್ರಿ ಟೀಚರ್, ಉಲ್ಟಾ ಇದ್ದದ್ದು ಇಷ್ಟ ದಿನ," ಅಂದ. ಎದ್ದು ಹೋಗಿ ನನ್ನನ್ನು ಹೆಂಡತಿಯ ಕೈಗಿಟ್ಟು, ಕೈಕಟ್ಟಿ ನಿಂತ. "ಇದು ನಿಂದು. ಕೊಡೋದು ತಡಾ ಆತು."

ದಾನವ್ವ ಓದಿದಳು. ತಂಗಿಯ ಅಕ್ಷರ ಅವಳಿಗೆ ಗುರುತು ಹತ್ತದೇ ಇರುತ್ತದೆಯೇ? ಭವನವೆಲ್ಲ ನಡುಗುವಂತೆ ಕೂಗಿದಳು. "ಎರಡು ವರ್ಷಾ! ಊರ ಮಂದಿ ಕಾಗದೆಲ್ಲಾ ಮುಟ್ಟಿಸಿ ನನ್ನ ಕಾಗದ ಅಟ್ಟದ ಮ್ಯಾಲ ಇಟ್ರಲ್ಲಾ! ಅಕಿಗೆ ನಾ ಏನೇನ ಅಂದೆ, ಶಿವನೇ!" ಹಾಗೆನ್ನುತ್ತಲೇ ನನ್ನನ್ನು ಎದೆಗೊತ್ತಿಕೊಂಡು ಕೂತುಬಿಟ್ಟಳು. ಆಮೇಲೆ ದನಿ ಸಣ್ಣದಾಯಿತು. "ಕರದಿದ್ಲು. ನನ್ನ ತಂಗಿ ನನ್ನ ಕರದಿದ್ಲು." ಅವಳ ಕಣ್ಣೀರಿಗೆ ನನ್ನ ಒಂದಕ್ಷರ ಕದಡಿತು. ಕದಡಲಿ ಬಿಡಿ.

ಮರುದಿನ ಬೆಳಗಿನ ಬಸ್ಸಿಗೇ ಹೊರಟೆವು. ಲಗ್ನದ ಮುಯ್ಯಿ ಅಂತ ದಾನವ್ವ ಒಂದು ಸೀರೆ ಇಟ್ಟುಕೊಂಡಿದ್ದಳು. "ಇಳಕಲ್ಲಿಗೆ ಸೀರಿ ಒಯ್ತೀಯೇನ?" ಅಂದ ಸಂಗಪ್ಪ ಮೆಲ್ಲಗೆ. "ನೀವು ಬಾಯಿ ತಗೀಬ್ಯಾಡ್ರಿ," ಅಂದಳು. ಅರ್ಧ ದಾರಿಯ ಅಮೀನಗಡದವರೆಗೂ ಬೈದಳು. ಆಮೇಲೆ ಬಾಯಿ ದಣಿದು ಸುಮ್ಮನಾದಳು.

ಕಸ್ತೂರೆವ್ವನೇ ಬಾಗಿಲು ತೆರೆದಳು. ಅಕ್ಕನನ್ನು ಕಂಡು ಅವಳ ಮುಖ ಬಿಗಿಯಾಯಿತು. ದಾನವ್ವ ನನ್ನನ್ನು ಮುಂದೆ ಹಿಡಿದು, "ಲಗ್ನಕ್ಕ ಬಂದೀನವ್ವಾ. ಕಾಗದ ನಿನ್ನೆ ಮುಟ್ತು," ಅಂದಳು.

ಕಸ್ತೂರೆವ್ವ ತನ್ನ ಅಕ್ಷರ ನೋಡಿದಳು. "ಮುಹೂರ್ತ ಮೀರೂತನಾ ಕಾದ್ನಲ್ಲವ್ವಾ. ಯಾರು ಮಾಡಿದ ತಪ್ಪಿದು?"

ಹಿಂದೆ ನಿಂತಿದ್ದ ಸಂಗಪ್ಪ ಕಣ್ಣು ಮುಚ್ಚಿಕೊಂಡ. ಬಸ್ಸಿನಲ್ಲಿ ಕೇಳಿದ್ದೆಲ್ಲ ಈಗ ನಾಲ್ಕು ಜನರ ಮುಂದೆ ಬರುತ್ತದೆ ಅಂತ ನಾನೂ ಕಾದೆ.

"ನಂದ," ಅಂದಳು ದಾನವ್ವ. "ಬಸ್ಸಿನ್ಯಾಗ ಎರಡು ತಾಸಿನ ದಾರಿ. ಬಂದು, ಯಾಕ ಕರೀಲಿಲ್ಲ ಅಂತ ನಿನ್ನ ಜುಟ್ಟು ಹಿಡದು ಕೇಳಬೇಕಿತ್ತು. ಕೇಳಲಿಲ್ಲ."

ಅಕ್ಕತಂಗಿಯರು ಹೊಸ್ತಿಲಲ್ಲೇ ಒಬ್ಬರನ್ನೊಬ್ಬರು ಹಿಡಿದು ಅತ್ತರು. ನಡುವೆ ಸಿಕ್ಕು ನನ್ನ ಕಡ್ಡಿ ಲಟಕ್ಕೆಂದಿತು.

ಈಗ ನನಗೆ ವಯಸ್ಸಾಗಿದೆ. ಕಡ್ಡಿಗೆ ದಾರ ಸುತ್ತಿದ್ದಾರೆ, ಅಂಚು ಸವೆದಿದೆ, ಬರಹ ಅರ್ಧ ಮಾಸಿದೆ. ದಾನವ್ವನ ಮನೆಯ ಕಿಟಕಿಯ ಮೊಳೆಗೆ ನೇತಾಡುತ್ತೇನೆ. ಸೇರಬೇಕಾದ ಕೈ ಸೇರಿದೆ, ಇನ್ನು ರದ್ದಿಗೆ ಹೋದರೂ ಚಿಂತೆಯಿಲ್ಲ. ಕರೆಂಟು ಹೋದಾಗ ದಾನವ್ವ ನನ್ನನ್ನು ತೆಗೆದುಕೊಂಡು, "ಮೂವತ್ನಾಕು ವರ್ಷದ ಪೋಸ್ಟ್‌ಮನ್ ಅಂತ!" ಅಂತ ಗೊಣಗುತ್ತಾಳೆ. ಗೊಣಗುತ್ತಲೇ ಮೊದಲ ಗಾಳಿಯನ್ನು ಸಂಗಪ್ಪನ ಕಡೆಗೆ ಬೀಸುತ್ತಾಳೆ.