ಮುಖ್ಯ ಬೀದಿ, ನಂಬರ್ ಒಂದು

ಮನಾಗ್ವಾದಲ್ಲಿ ಮನೆಗೆ ನಂಬರ್ ಕೇಳುವವನು ಒಂದೋ ಹೊರಗಿನವನು, ಇಲ್ಲವೇ ತಲೆ ಕೆಟ್ಟವನು. ಇಂಜಿನಿಯರ್ ಎವೆನೊರ್ ಹೊರಗಿನವನಲ್ಲ. ಈ ಊರಲ್ಲೇ ಹುಟ್ಟಿ, ಇಲ್ಲಿನ ಅನ್ನ-ಹುರುಳಿಯ ಗಾಯೊ ಪಿಂತೊ ತಿಂದೇ ಬೆಳೆದವನು. ಪನಾಮಾದಲ್ಲಿ ಎರಡು ವರ್ಷ ಇದ್ದು ಬಂದದ್ದೇ ತಡ, ಹುಟ್ಟಿದೂರು ಅಂದರೆ ಅವನಿಗೆ ಮೂಗು ಮುರಿಯುವ ಹಾಗಾಗಿತ್ತು, ಅಷ್ಟೆ.

"ವಿಳಾಸ ಅಂದ್ರೆ ಬೀದಿ, ನಂಬರ್. ಮುಗೀತು. ನೋಡಮ್ಮ ಇದನ್ನ," ಎಂದು ಅವನು ಆಫೀಸಿನ ಪ್ರೋಗ್ರಾಮರ್ ನಿನೋಸ್ಕಾಳ ಮೇಜಿನ ಮೇಲೆ ಬೆರಳು ಕುಟ್ಟಿದ. "'ಐಸ್ ಫ್ಯಾಕ್ಟರಿ ಇದ್ದಲ್ಲಿಂದ ಎರಡು ಬೀದಿ ಕೆರೆ ಕಡೆಗೆ, ಅರ್ಧ ಬೀದಿ ಮೇಲಕ್ಕೆ.' ಇದು ವಿಳಾಸಾನಾ, ಅಜ್ಜಿ ಕಥೇನಾ? ಎಲ್ಲಿದೆಯಮ್ಮ ಐಸ್ ಫ್ಯಾಕ್ಟರಿ? ಭೂಕಂಪದಲ್ಲಿ ಬಿದ್ದು ಐವತ್ತು ವರ್ಷ ಆಯ್ತು!"

"ಬಿದ್ದಿದ್ರೇನು ಇಂಜಿನಿಯರೇ? ಎಲ್ಲಿತ್ತು ಅಂತ ಊರಿಗೆಲ್ಲ ಗೊತ್ತಲ್ಲ."

"ಪನಾಮಾದವರಿಗೆ ಗೊತ್ತಿಲ್ಲ."

"ಪನಾಮಾದವರು ಬಂದು ಸಿಲಿಂಡರ್ ಹೊರ್ತಾರಾ?"

ಕಾಯಿಲೆಯವರ ಮನೆಗೆ ಆಕ್ಸಿಜನ್ ಸಿಲಿಂಡರ್ ಮುಟ್ಟಿಸುವ ಕಂಪನಿ ಅದು. ಅದನ್ನು ಕೊಳ್ಳಲು ಪನಾಮಾದ ಯಾರೋ ದೊಡ್ಡವರು ಮನಸ್ಸು ಮಾಡಿದ್ದರು. ವ್ಯಾಪಾರ ಕುದುರಿದರೆ ಮ್ಯಾನೇಜರ್ ಎವೆನೊರನಿಗೆ ಅಲ್ಲೊಂದು ಕುರ್ಚಿ ಗ್ಯಾರಂಟಿ. ಹಾಗಾಗಿ ಅವನಿಗೆ ಎಲ್ಲವೂ ಚೊಕ್ಕವಾಗಿ ಕಾಣಬೇಕಿತ್ತು, ಅದರಲ್ಲೂ ಕಂಪನಿಯ ವೆಬ್‌ಸೈಟಿಗೆ ನಿನೋಸ್ಕಾ ಬರೆದ ಆರ್ಡರ್ ಫಾರ್ಮ್.

ಆ ಫಾರ್ಮ್ ಅವಳ ಹೆಮ್ಮೆ. ಒಬ್ಬಳೇ ಕೂತು ಪಿಎಚ್‌ಪಿಯಲ್ಲಿ ಬರೆದದ್ದು. ಜಿಲ್ಲೆ ಆರಿಸಿದರೆ ಅದರ ಊರುಗಳಷ್ಟೇ ಕೆಳಗಿನ ಡ್ರಾಪ್‌ಡೌನ್‌ನಲ್ಲಿ ಬಂದು ಕೂರುತ್ತಿದ್ದವು. ಊರು ಆರಿಸಿದರೆ ಅದರ ಬಡಾವಣೆಗಳು. ಮಸಾಯಾ ಊರಿಗೆ ಮನಾಗ್ವಾದ ಬಡಾವಣೆ ಅಂಟಿಸಿ ಯಾರಾದರೂ ಕಿತಾಪತಿ ಮಾಡಿದರೆ ಸರ್ವರ್ ಅಲ್ಲೇ ಹಿಡಿದು ವಾಪಸ್ ಕಳಿಸುತ್ತಿತ್ತು. ಬ್ರೌಸರ್ ನೋಡಿಕೊಂಡಿದೆ ಬಿಡು ಎಂದು ಅವಳು ಯಾವತ್ತೂ ಸುಮ್ಮನಾದವಳಲ್ಲ. ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ಖಾಲಿ ಚೌಕ: 'ಮನೆಯ ಗುರುತು ಹೇಳಿ.' ಅಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಜನ ಬರೆಯುತ್ತಲೂ ಇದ್ದರು. ಹಳದಿ ಗೇಟು, ನಾಯಿ ಬೊಗಳುತ್ತದೆ ಕಚ್ಚಲ್ಲ, ಮಾವಿನ ಮರ ಕಡಿದಿದ್ದಾರೆ ಬುಡ ಇದೆ, ದೋನ್ಯಾ ಚೆಪಿತಾ ಎಂದು ಕೂಗಿ ಗಂಟೆ ಕೆಟ್ಟಿದೆ. ಹಳೆಯ ಡ್ರೈವರ್ ಹೆಬೆರ್ತೊ ಇಷ್ಟು ಓದಿಕೊಂಡು ಕಣ್ಣು ಮುಚ್ಚಿ ಮನೆ ಮುಟ್ಟುತ್ತಿದ್ದ.

ಆ ಚೌಕವನ್ನೇ ಕಿತ್ತು ಹಾಕು ಎಂದ ಎವೆನೊರ್. ಅದರ ಜಾಗದಲ್ಲಿ ಇನ್ನೊಂದು ಡ್ರಾಪ್‌ಡೌನ್, 'ಬೀದಿ'. ಅದರ ಪಕ್ಕ 'ಮನೆ ನಂಬರ್'. ಎರಡೂ ಕಡ್ಡಾಯ. ತುಂಬದಿದ್ದರೆ ಕೆಂಪು, ತುಂಬಿದರೆ ಹಸಿರು. ಬೀದಿಗಳ ಪಟ್ಟಿಯನ್ನು ಅವನೇ ಎಲ್ಲಿಂದಲೋ ದುಡ್ಡು ಕೊಟ್ಟು ತರಿಸಿದ್ದ. ತೆರೆದು ನೋಡಿದರೆ ಮುಕ್ಕಾಲು ಪಾಲು ಬಡಾವಣೆಗಳ ಮುಂದೆ ಇದ್ದದ್ದು ಒಂದೇ ಹೆಸರು, ಮುಖ್ಯ ಬೀದಿ.

"ಜನ ಏನ್ಮಾಡ್ತಾರೆ ಗೊತ್ತಾ?" ಎಂದಳು ನಿನೋಸ್ಕಾ. "ಕೆಂಪು ಹೋದ್ರೆ ಸಾಕು ಅಂತ ಮುಖ್ಯ ಬೀದಿ, ನಂಬರ್ ಒಂದು ಅಂತ ಒತ್ತಿಬಿಡ್ತಾರೆ. ಎಲ್ರೂನೂ. ಆಮೇಲೆ ಗಾಡಿ ಎಲ್ಲಿಗೆ ಹೋಗ್ಬೇಕು?"

"ಕಲ್ತ್ಕೋತಾರೆ."

"ಇಲ್ಲದಿರೋ ನಂಬರ್‌ನ ಎಲ್ಲಿಂದ ಕಲೀತಾರೆ?"

"ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅವನು ನಕ್ಕ. "ಬರೆಯೋಕೆ ಬರಲ್ಲ ಅಂದ್ರೆ ಹೇಳ್ಬಿಡು. ಬರೆಯೋರು ಬಾಗಿಲಲ್ಲಿ ಸಾಲು ನಿಂತಿದಾರೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬರೆದಳು. ಕೆಲಸ ಬಿಟ್ಟರೆ ಮನೆಯಲ್ಲಿ ಅಮ್ಮ, ಇಬ್ಬರು ತಮ್ಮಂದಿರ ಗತಿ ಏನು? ಹಾಳಾಗಿ ಹೋಗಲಿ ಎಂದು ಬರೆದು ಎಸೆದಳು. ಎವೆನೊರ್ ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನು ಮೇಲೆ ಫೋನಿನಲ್ಲಿ ಆರ್ಡರ್ ಇಲ್ಲ ಎಂದ. ಗಿರಾಕಿಗಳ ಫೋನ್ ನಂಬರ್ ಡ್ರೈವರ್‌ಗೆ ಕಾಣಬಾರದು, ಗೌಪ್ಯತೆ ಎಂದ. ಹೆಬೆರ್ತೊನನ್ನು ಮಸಾಯಾಕ್ಕೆ ಎತ್ತಿಹಾಕಿ, ಎಸ್ತೆಲಿ ಕಡೆಯಿಂದ ಮೊನ್ನೆ ಬಂದ ಹೊಸಬನನ್ನು ಗಾಡಿಗೆ ಹತ್ತಿಸಿದ. ದಾರಿ ಗೊತ್ತಿಲ್ಲದಿದ್ದರೇನು, ನಕ್ಷೆ ತೋರಿಸುತ್ತದೆ!

ನಿನೋಸ್ಕಾಳ ಮನೆಯ ವಿಳಾಸವೇ 'ದೋನ್ ತೋರಿಬಿಯೊನ ಗಾಡಿಯಿಂದ ಒಂದು ಬೀದಿ ಕೆರೆ ಕಡೆಗೆ'. ದೋನ್ ತೋರಿಬಿಯೊ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಐಸ್ ತುರಿದು, ಮೇಲೆ ಹುಣಸೆ ಪಾಕ ಸುರಿದು ಮಾರುತ್ತಿದ್ದ ಮುದುಕ. ಅವಳು ಚಿಕ್ಕವಳಿದ್ದಾಗ ಕಾಸಿಲ್ಲದಿದ್ದರೂ ಒಂದು ಲೋಟ ಕೊಟ್ಟು, "ಇಂಜಿನಿಯರ್ ಆದ್ಮೇಲೆ ತೀರಿಸುವಿಯಂತೆ" ಎನ್ನುತ್ತಿದ್ದ. ಈಗ ಶ್ವಾಸಕೋಶ ಕೆಟ್ಟು, ಗಾಡಿಯನ್ನು ಗೋಡೆಗೆ ಒರಗಿಸಿ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದ. ಮಗಳು ಅಸುಸೇನಾ ನೋಡಿಕೊಳ್ಳುತ್ತಿದ್ದಳು. ನಿನೋಸ್ಕಾಳೂ ಅವಳೂ ಒಂದೇ ಬೆಂಚಿನಲ್ಲಿ ಓದಿದವರು. ಸಿಲಿಂಡರ್ ಮುಗಿಯುವ ಮೊದಲು ಇನ್ನೊಂದು ಬರದಿದ್ದರೆ ಮುದುಕ ಉಳಿಯುವುದಿಲ್ಲ. ಇದು ಬೀದಿಗೆಲ್ಲ ಗೊತ್ತಿದ್ದ ವಿಷಯ.

ಪನಾಮಾದವರು ಬಂದ ದಿನ ಎವೆನೊರ್ ಹೊಸ ಟೈ ಕಟ್ಟಿಕೊಂಡಿದ್ದ. "ಫೋನ್‌ಗಳು ಸೈಲೆಂಟ್, ಮೇಜಿನ ಮೇಲೆ ಬೋರಲು," ಎಂದು ಎಲ್ಲರಿಗೂ ಆಜ್ಞೆಯಾಯಿತು. ನಿನೋಸ್ಕಾ ಪರದೆಯ ಮುಂದೆ ನಿಂತು ಫಾರ್ಮ್ ತೋರಿಸಿದಳು. ಜಿಲ್ಲೆ ಒತ್ತಿದಳು, ಊರುಗಳು ಬಂದವು. ಊರು ಒತ್ತಿದಳು, ಬಡಾವಣೆಗಳು ಬಂದವು. ಬೀದಿ, ನಂಬರ್. ಹಸಿರು. ಬಂದವರು ತಲೆದೂಗಿದರು. ಇನ್ನೊಮ್ಮೆ ತೋರಿಸಿ ಎಂದರು. ಮತ್ತೆ ಹಸಿರು.

ಅದೇ ಹೊತ್ತಿಗೆ ಅಸುಸೇನಾ ಫೋನ್ ಮಾಡುತ್ತಿದ್ದಳು.

ಬೆಳಿಗ್ಗೆಯೇ ಅವಳು ಫಾರ್ಮ್ ತುಂಬಿದ್ದಳು. ಗುರುತು ಬರೆಯೋಣವೆಂದರೆ ಚೌಕವೇ ಇಲ್ಲ. ಬೀದಿ ಬಿಟ್ಟರೆ ಕೆಂಪು, ನಂಬರ್ ಬಿಟ್ಟರೆ ಕೆಂಪು. ಕೊನೆಗೆ ಮುಖ್ಯ ಬೀದಿ, ನಂಬರ್ ಒಂದು ಎಂದು ಒತ್ತಿದಳು, ಹಸಿರು ಬಂತು. ಹೊಸ ಡ್ರೈವರ್ ನಕ್ಷೆ ನೋಡಿಕೊಂಡು ಬಡಾವಣೆಯ ಇನ್ನೊಂದು ತುದಿಯ ಪಂಕ್ಚರ್ ಅಂಗಡಿಗೆ ಹೋದ. ಅಲ್ಲಿ ತೋರಿಬಿಯೊ ಇಲ್ಲ. ಯಾರ ಮನೆ ಎಂದು ಫೋನ್ ಮಾಡಿ ಕೇಳೋಣವೆಂದರೆ ನಂಬರ್ ಕಾಣದು. 'ಗಿರಾಕಿ ಸಿಗಲಿಲ್ಲ' ಎಂದು ಒತ್ತಿ, ತುಂಬಿದ ಸಿಲಿಂಡರ್ ಹೊತ್ತುಕೊಂಡೇ ಮುಂದೆ ನಡೆದ. ಅಸುಸೇನಾ ಆಫೀಸಿಗೆ ಫೋನ್ ಮಾಡಿದರೆ ಇಂಪಾದ ಹೆಣ್ಣುದನಿ, 'ದಯವಿಟ್ಟು ಫಾರ್ಮ್ ತುಂಬಿ' ಎಂದಿತು. ಇನ್ನೊಮ್ಮೆ ತುಂಬಿದಳು. 'ಈ ರೋಗಿಯ ಹೆಸರಿನಲ್ಲಿ ಈ ದಿನ ಈಗಾಗಲೇ ಆರ್ಡರ್ ಇದೆ' ಎಂದು ಕೆಂಪು ಬಂತು. ಆ ಸಾಲನ್ನು ಬರೆದದ್ದು ನಿನೋಸ್ಕಾಳೇ. ಯಾರೂ ತಪ್ಪಿ ಎರಡು ಸಲ ದುಡ್ಡು ಕಟ್ಟದಿರಲಿ ಎಂದು ಬರೆದದ್ದು.

ಪನಾಮಾದವರು ಊಟಕ್ಕೆದ್ದ ಮೇಲೆ ಅವಳು ಫೋನ್ ತಿರುಗಿಸಿ ನೋಡಿದಳು. ಪರದೆಯ ತುಂಬ ಅಸುಸೇನಾ, ಅಸುಸೇನಾ, ಅಸುಸೇನಾ. ವಾಪಸ್ ಮಾಡಿದಾಗ ಎತ್ತಿದ್ದು ಪಕ್ಕದ ಮನೆಯಾಕೆ. ಯಾರದೋ ಪಿಕಪ್‌ನಲ್ಲಿ ಆಸ್ಪತ್ರೆಗೆ ಹೊರಟಿದ್ದರಂತೆ. ಮುದುಕ ದಾರಿಯಲ್ಲೇ ಹೋಗಿಬಿಟ್ಟನಂತೆ.

ಸಂಜೆ ಅವಳು ಹೋದಾಗ ಬೀದಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ರಾತ್ರಿಯಿಡೀ ಹೆಣ ಕಾಯಲು ಗಂಡಸರು ಇಸ್ಪೀಟು ಹಿಡಿದು ಕೂತಿದ್ದರು, ಹೆಂಗಸರು ಕಾಫಿ, ರೊಸ್ಕಿಯಾ ಬಿಸ್ಕತ್ತು ಹಂಚುತ್ತಿದ್ದರು. ಐಸಿನ ತಳ್ಳುಗಾಡಿಯ ಮೇಲೆ ಯಾರೋ ಬಿಳಿ ಹೂ ಇಟ್ಟಿದ್ದರು. ಅಸುಸೇನಾ ಅಳುತ್ತಿರಲಿಲ್ಲ. ಗೆಳತಿಯ ಮುಖವನ್ನೇ ದಿಟ್ಟಿಸಿ ನೋಡಿದಳು.

"ಹಸಿರು ಬಂತು ಕಣೇ," ಎಂದಳು. "ನಿನ್ನ ಫಾರ್ಮ್ ಅಲ್ವಾ, ಹಸಿರು ಬಂದ್ರೆ ಬರ್ತಾರೆ ಅಂತ ಕೂತೆ. ಅಪ್ಪನೂ ಅದೇ ಅಂದ. 'ನಮ್ಮ ನಿನೋಸ್ಕಾ ಬರೆದಿರೋದು, ಬರುತ್ತೆ, ಸುಮ್ನಿರು' ಅಂದ."

ನಿನೋಸ್ಕಾ ಒಂದು ಹೆಜ್ಜೆ ಮುಂದೆ ಬಂದಳು. "ಆ ನಂಬರ್ ನಾನು ಹಾಕಿದ್ದಲ್ಲ ಕಣೇ, ಆ ಇಂಜಿನಿಯರ್..."

"ನಂಗೆ ನಿಮ್ಮ ಇಂಜಿನಿಯರ್ ಗೊತ್ತಿಲ್ಲ. ನಂಗೆ ಗೊತ್ತಿರೋದು ನೀನು."

ಅಷ್ಟು ಹೇಳಿ ಅಸುಸೇನಾ ಒಳಗೆ ಹೋದಳು. ಯಾರೋ ನಿನೋಸ್ಕಾಳ ಕೈಗೆ ಕಾಫಿ ಕೊಟ್ಟರು. ಅವಳು ಅದನ್ನು ಕುಡಿಯಲೂ ಆಗದೆ, ಕೆಳಗಿಡಲೂ ಆಗದೆ ನಿಂತಿದ್ದಳು.

ಮರುದಿನ ಕಂಪನಿಯ ಒಡತಿ ದೋನ್ಯಾ ಮೆಲ್ಬಾ ತಾನೇ ಆಫೀಸಿಗೆ ಬಂದಳು. ಗಂಡ ಕಟ್ಟಿದ ಕಂಪನಿ. ಎಪ್ಪತ್ತು ದಾಟಿದ್ದರೂ ಕಣ್ಣು ಚುರುಕು. ಎವೆನೊರ್ ಕಾಗದಗಳನ್ನೆಲ್ಲ ಜೋಡಿಸಿಕೊಂಡೇ ಕೂತಿದ್ದ.

"ನಮ್ಮ ಕಡೆಯಿಂದ ಏನೂ ತಪ್ಪಿಲ್ಲ, ದೋನ್ಯಾ. ಫಾರ್ಮ್ ಸರಿಯಾಗಿ ತುಂಬಿದೆ, ಪರೀಕ್ಷೆ ಪಾಸಾಗಿದೆ. ವಿಳಾಸವನ್ನೇ ತಪ್ಪು ಕೊಟ್ಟಿದಾರೆ, ನಾವೇನ್ಮಾಡೋಕಾಗುತ್ತೆ? ಮಗಳ ಅಜಾಗರೂಕತೆ."

ಸತ್ತವನ ಮಗಳ ಮೇಲೆ ಗೂಬೆ ಕೂರಿಸುವಷ್ಟು ಧೈರ್ಯ! ನಿನೋಸ್ಕಾ ಎದ್ದು ತನ್ನ ಲ್ಯಾಪ್‌ಟಾಪ್ ತಿರುಗಿಸಿ ಅವನ ಎದೆಗೆ ತಾಗುವಂತೆ ತಳ್ಳಿದಳು.

"ತುಂಬಿ."

"ಏನು?"

"ನಿಮ್ಮ ಮನೆಗೆ ಒಂದು ಸಿಲಿಂಡರ್ ತರಿಸ್ಕೊಳ್ಳಿ. ನಿಮ್ಮ ತಾಯಿಗೆ ಉಸಿರು ಸಿಗ್ತಿಲ್ಲ ಅಂದ್ಕೊಳ್ಳಿ. ತುಂಬಿ, ನೋಡೋಣ."

"ಏನಿದು ಹುಡುಗಾಟ, ದೋನ್ಯಾ..."

"ತುಂಬಪ್ಪ," ಎಂದಳು ದೋನ್ಯಾ ಮೆಲ್ಬಾ.

ಅವನು ಜಿಲ್ಲೆ ಆರಿಸಿದ, ಊರು ಆರಿಸಿದ, ಬಡಾವಣೆ ಆರಿಸಿದ. ಅಲ್ಲಿಗೆ ಕೈ ನಿಂತಿತು. ಅವನ ಮನೆ ಮಸಾಯಾ ರಸ್ತೆಯಲ್ಲಿ, ಹಳೆಯ ಹಾಲಿನ ಡಿಪೋ ಇದ್ದಲ್ಲಿಂದ ಬೆಟ್ಟದ ಕಡೆಗೆ ಹೋಗಿ ಎಡಕ್ಕೆ, ಕಪ್ಪು ಗೇಟು. ಆಫೀಸಿನ ಎಲ್ಲರಿಗೂ ಗೊತ್ತು. ಕ್ರಿಸ್‌ಮಸ್‌ಗೆ ಅವನೇ ಕರೆದು ಬಾಳೆಲೆಯಲ್ಲಿ ಬೇಯಿಸಿದ ನಕತಮಾಲ್ ತಿನ್ನಿಸಿದ್ದ, ಹಾಗೇ ದಾರಿ ಹೇಳಿದ್ದ. ಕರೆಂಟ್ ಬಿಲ್ಲಿನ ಮೇಲೂ ಅದೇ ಇತ್ತು. ಅವನು ಬೀದಿ ಬಿಟ್ಟು ಮುಂದೆ ಒತ್ತಿದ. ಕೆಂಪು. ನಂಬರ್ ಜಾಗದಲ್ಲಿ 'ಕಪ್ಪು ಗೇಟು' ಎಂದು ಹೊಡೆದ. ಕೆಂಪು. ಹಣೆಯ ಮೇಲೆ ಬೆವರು ಮೂಡಿತು. ಕೊನೆಗೆ, ಈ ಪೀಡೆ ತೊಲಗಲಿ ಎಂಬಂತೆ, ಅವನೂ ಮುಖ್ಯ ಬೀದಿ ಆರಿಸಿ ಒಂದು ಎಂದು ಒತ್ತಿದ.

ಹಸಿರು.

"ನೋಡಿ ದೋನ್ಯಾ, ಪಾಸಾಯ್ತು!" ಎಂದಳು ನಿನೋಸ್ಕಾ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ಇದು. ನಾನೇ ಬರೆದಿದ್ದು, ನಂಗೊತ್ತು. ನಂಬರ್ ಇದೆಯಾ ಅಂತ ನೋಡುತ್ತೆ, ಮನೆ ಇದೆಯಾ ಅಂತ ನೋಡಲ್ಲ. ಬೇಡ ಬೇಡ ಅಂತ ಬಡ್ಕೊಂಡೆ. ಕಲ್ತ್ಕೋತಾರೆ ಅಂದ್ರು. ಕಲ್ತ್ರು! ಇವ್ರೂ ಈಗ ಕಲ್ತ್ರು! ಅಷ್ಟರಲ್ಲಿ ಒಂದು ಜೀವ ಹೋಯ್ತು. ಆ ಹುಡುಗಿ ಅಜಾಗರೂಕತೆ ಅಂತೆ! ಅವಳು ಅಜಾಗರೂಕಳಾದ್ರೆ ಇವ್ರು ಯಾರು?"

"ದನಿ ತಗ್ಗಿಸಿ ಮಾತಾಡು," ಎಂದ ಎವೆನೊರ್.

"ತಗ್ಗಿಸಲ್ಲ. ಕೆಲಸದಿಂದ ತೆಗೀರಿ, ಬೇಕಾದ್ರೆ."

ದೋನ್ಯಾ ಮೆಲ್ಬಾ ಪರದೆಯ ಹಸಿರನ್ನೇ ನೋಡಿದಳು. ಆಮೇಲೆ ಕೋಲು ಊರಿಕೊಂಡು ಎದ್ದು, "ಹೆಬೆರ್ತೊನ ವಾಪಸ್ ಕರೆಸಿ. ಆ ಚೌಕ ಮೊದಲಿದ್ದ ಹಾಗೆ ಇಡು ಮಗಳೇ," ಎಂದಳು. ಎವೆನೊರನಿಗೆ ಏನೂ ಅನ್ನಲಿಲ್ಲ. ಅವನ ಫೋನ್ ಬಡಿದುಕೊಂಡಿತು. ಪನಾಮಾದಿಂದ ಎಂದು ಅವನು ಕಾರಿಡಾರಿಗೆ ಎದ್ದು ಹೋದ. ಕ್ಷಮಿಸಿ ಎನ್ನುವ ಮಾತು ಅವನ ಬಾಯಿಂದ ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ನಿನೋಸ್ಕಾ ಅಲ್ಲೇ ಕೂತು ಬೀದಿಯ ಡ್ರಾಪ್‌ಡೌನ್ ಕಿತ್ತಳು, ನಂಬರ್ ಕಿತ್ತಳು. ಗುರುತಿನ ಚೌಕ ಹಾಕಿ, ಅದೊಂದನ್ನೇ ಕಡ್ಡಾಯ ಮಾಡಿದಳು. ಅದರಲ್ಲಿ ಬರೆದದ್ದನ್ನು ಯಂತ್ರ ತಿದ್ದಬಾರದು, ಮನುಷ್ಯರು ಓದಬೇಕು. ಎರಡನೇ ಆರ್ಡರ್ ಬಂದರೆ ತಿರಸ್ಕರಿಸದೆ ಆಫೀಸಿನ ಗಂಟೆ ಹೊಡೆಯುವಂತೆ ಬರೆದಳು. ಹಸಿರು ಗುರುತನ್ನು ಅಳಿಸಿಯೇ ಹಾಕಿದಳು. ಕೋಪಕ್ಕೆ ಬೆರಳುಗಳು ಕೀಲಿಗಳನ್ನು ಕುಟ್ಟುತ್ತಿದ್ದವು. ಆ ಕೋಪದಲ್ಲಿ ಅರ್ಧ ಎವೆನೊರನ ಮೇಲೆ, ಇನ್ನರ್ಧ ತನ್ನ ಮೇಲೇ. ಇಷ್ಟು ಸಣ್ಣ ಕೆಲಸವಾಗಿತ್ತು ಇದು!

ಮುದುಕನ ಹೆಸರಿನ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೆ ಅವಳ ಪರದೆಯ ಮೇಲೆ ಒಂದು ಕೋರಿಕೆ ಬಂದು ಬಿತ್ತು. ಆರ್ಡರ್ ಅಲ್ಲ, ಖಾಲಿ ಸಿಲಿಂಡರ್ ವಾಪಸ್ ಒಯ್ಯಿರಿ ಎಂದು. ಜಿಲ್ಲೆ ಮನಾಗ್ವಾ, ಊರು ಮನಾಗ್ವಾ, ಬಡಾವಣೆ ಅವಳದೇ. ಗುರುತಿನ ಚೌಕದಲ್ಲಿ ಹೀಗಿತ್ತು: 'ದೋನ್ ತೋರಿಬಿಯೊ ಇದ್ದ ಮನೆ. ಯಾರನ್ನು ಕೇಳಿದರೂ ಹೇಳುತ್ತಾರೆ.'

ಇದ್ದ ಮನೆ. ನಾಳೆಯಿಂದ ತನ್ನ ಮನೆಯ ವಿಳಾಸವೂ ಹೀಗೇ ಎಂದು ಅವಳಿಗೆ ಹೊಳೆಯಿತು. ಐಸ್ ಫ್ಯಾಕ್ಟರಿಯ ಹಾಗೆ, ಹಾಲಿನ ಡಿಪೋದ ಹಾಗೆ, ಮುದುಕನೂ ಊರಿನ ಗುರುತಾಗಿದ್ದ.

ಅವಳು ಇಳಿದು ಹೋಗಿ ಹೆಬೆರ್ತೊನ ಗಾಡಿ ಹತ್ತಿದಳು. ಅವನು ನಕ್ಷೆ ತೆರೆಯಲಿಲ್ಲ. ನೇರವಾಗಿ ಹೋಗಿ, ಗೋಡೆಗೆ ಒರಗಿದ ತಳ್ಳುಗಾಡಿಯ ಪಕ್ಕ ನಿಲ್ಲಿಸಿದ. ಬಾಗಿಲಲ್ಲಿ ಅಸುಸೇನಾ ಖಾಲಿ ಸಿಲಿಂಡರನ್ನು ಹೊರಗಿಟ್ಟುಕೊಂಡು ನಿಂತಿದ್ದಳು. ಗಾಡಿಯ ಮೇಲಿದ್ದ ಕಂಪನಿಯ ಹೆಸರನ್ನು ಓದಿದಳು, ಇಳಿಯುತ್ತಿದ್ದ ಗೆಳತಿಯನ್ನು ನೋಡಿದಳು.

"ಈಗ ಸಿಕ್ತಾ ಮನೆ?" ಎಂದಳು.

ನಿನೋಸ್ಕಾ ಬಗ್ಗಿ ಸಿಲಿಂಡರ್ ಎತ್ತಿಕೊಂಡಳು.