ಒಣ ಪಿನ್ನು

ನಾನು ಒಂದು ಫುಟ್‌ಬಾಲ್. ಜಲಂಧರದ ಓಣಿಯೊಂದರಲ್ಲಿ, ತನ್ನ ಮನೆಯ ಹೊಸ್ತಿಲ ಮೇಲೆ ಕೂತು ಹೆಂಗಸೊಬ್ಬಳು ನನ್ನನ್ನು ಹೊಲಿದಳು. ಹೊಲಿಗೆ ಗಟ್ಟಿಯಾಗಿಯೇ ಇದೆ. ಅನುಮಾನಪಡಬೇಕಾದದ್ದು ಬೇರೆ ಕಡೆ.

ಅಲ್ಲಿಂದ ಬೆಳಗಾವಿ ಕಡೆಯ ಒಂದು ಕಾಲೇಜಿಗೆ ಬಂದೆ. ಅಲ್ಲಿನ ಗೋಡೆಯ ತುಂಬ ಕಬಡ್ಡಿ, ಖೋ ಖೋ ತಂಡಗಳ ಫೋಟೋ. ಫುಟ್‌ಬಾಲ್ ತಂಡದ ಹೆಸರಿಗೆ ಒಂದು ಮೊಳೆಯೂ ಇರಲಿಲ್ಲ. ನಾನು ಬಂದ ವರ್ಷವೇ ತಂಡ ಮೊದಲ ಸಲ ಅಂತರ ಕಾಲೇಜು ಟೂರ್ನಿಯ ಫೈನಲ್ ಮುಟ್ಟಿತು. ಗಿರಿಮಲ್ಲ ಕ್ಯಾಪ್ಟನ್, ಮಲ್ಹಾರಿ ಗೋಲ್‌ಕೀಪರ್. ಫೈನಲ್‌ನಲ್ಲಿ ಎಡವದಿದ್ದರೆ ಮಲ್ಹಾರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು.

ಮೈದಾನದಲ್ಲಿ ಒಂದು ರೂಢಿಯಿದೆ. ಗಾಳಿ ತುಂಬುವ ಮೊದಲು ಪಂಪಿನ ಪಿನ್ನಿಗೆ ಎಂಜಲು ಹಚ್ಚುತ್ತಾರೆ. ಒಣ ಪಿನ್ನು ಚುಚ್ಚಿದರೆ ವಾಲ್ವಿನ ರಬ್ಬರ್ ಹರಿಯುತ್ತದೆ. ಫೈನಲ್ ದಿನ ಮುಖ್ಯ ಅತಿಥಿಗಳು ಶಾಲು ಹೊದ್ದು ಪಕ್ಕದಲ್ಲೇ ನಿಂತಿದ್ದರು. ಗಿರಿಮಲ್ಲ ಪಿನ್ನನ್ನು ಬಾಯಿಯ ತನಕ ಒಯ್ದ, ಅವರ ಮುಖ ನೋಡಿದ, ನಾಚಿಕೊಂಡು ಒಣ ಪಿನ್ನನ್ನೇ ಚುಚ್ಚಿದ. ಹೊರಗೆಳೆದ ಮೇಲೆ, ಗಾಳಿ ಸೋರುತ್ತಿದೆಯೇ ಎಂದು ನನ್ನನ್ನೊಮ್ಮೆ ಕಿವಿಗೆ ಹಿಡಿದ. ಅವನಿಗೆ ಏನು ಕೇಳಿಸಿತೋ, ಸುಮ್ಮನೆ ರೆಫರಿಯ ಕೈಗಿತ್ತ. ರೆಫರಿ ಹೆಬ್ಬೆರಳಿನಿಂದ ಒತ್ತಿದಾಗ ನಾನಿನ್ನೂ ಬಿಗಿಯಾಗಿದ್ದೆ.

ದ್ವಿತೀಯಾರ್ಧದಲ್ಲಿ ಮೆತ್ತಗಾಗುತ್ತ ಹೋದೆ. ಆಟ ಮುಗಿಯುವ ಹೊತ್ತಿಗೆ ಎದುರು ತಂಡದವನೊಬ್ಬ ಒದ್ದ. ಮಲ್ಹಾರಿಯ ಮುಂದೆ ನೆಲಕ್ಕೆ ಬಿದ್ದೆ. ಪುಟಿದೇಳುತ್ತೇನೆಂದು ಅವನು ಎದೆಮಟ್ಟಕ್ಕೆ ಕೈಯೊಡ್ಡಿದ. ನಾನು ಏಳಲಿಲ್ಲ. ಅವನ ಕಾಲ ಸಂದಿಯಲ್ಲಿ ಉರುಳಿ ಗೋಲಿನೊಳಗೆ ಹೋದೆ. ಆ ಒಂದು ಗೋಲಿಗೆ ನಮ್ಮ ತಂಡ ಸೋತಿತು.

ಒದ್ದವನು ಮಲ್ಹಾರಿಯ ಸೋದರಮಾವನ ಮಗ. ನಮ್ಮ ತಂಡದ ಹುಡುಗರಿಗೆ ಅಷ್ಟೇ ಸಾಕಾಯಿತು.

"ಏನಲೇ ಮಲ್ಹಾರಿ, ಮದುವಿ ಉಡುಗೊರಿ ಕೊಟ್ಟಂಗ ಮಾವನ ಮಗಗ ಗೋಲ್ ಆಯೇರಿ ಮಾಡಿದೇನು?"

"ಬಾಲ್ ಮೆತ್ತಗಾಗಿತ್ತೋ ದೋಸ್ತ, ಪುಟೀಲೇ ಇಲ್ಲ."

"ನಮ್ಮ ಕಾಲಿಗೆ ಮೆತ್ತಗ ಹತ್ತಲಿಲ್ಲ, ನಿನ್ನ ಕೈಗಷ್ಟ ಹತ್ತಿತೇನು?"

ಗಿರಿಮಲ್ಲ ಬೂಟಿನ ಲೇಸು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

ವಿಶ್ವವಿದ್ಯಾಲಯದ ತಂಡಕ್ಕೆ ಗಿರಿಮಲ್ಲ ಆಯ್ಕೆಯಾದ. ಮಲ್ಹಾರಿ ಆಗಲಿಲ್ಲ. ಗೋಡೆಗೆ ಹಾಕಿದ ಫೋಟೋಗೂ ಅವನನ್ನು ಕರೆಯಲಿಲ್ಲ.

ಮೊದಲ ಫೈನಲ್‌ನ ಚೆಂಡೆಂದು ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟರು. ಪ್ರತಿ ಕ್ರೀಡಾಕೂಟಕ್ಕೂ ಯಾರಾದರೂ ಗಾಳಿ ತುಂಬುತ್ತಾರೆ. ಸಂಜೆಗೆ ಕುಗ್ಗಿರುತ್ತೇನೆ. ಹಳೇ ಬಾಲ್ ಎಂದು ಬಿಟ್ಟುಬಿಡುತ್ತಾರೆ. ಗಿರಿಮಲ್ಲ ಈಗ ಇಲ್ಲಿಯೇ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದಾನೆ. ಅವನು ಮಾತ್ರ ನನಗೆ ಒಮ್ಮೆಯೂ ಗಾಳಿ ತುಂಬಿಲ್ಲ. ಯಾಕೆ?

ಈ ವರ್ಷದ ಕ್ರೀಡಾಕೂಟಕ್ಕೆ ಮಲ್ಹಾರಿ ಬೇರೆ ಕಾಲೇಜಿನ ತಂಡದ ಕೋಚ್ ಆಗಿ ಬಂದ. ತಲೆ ನೆರೆತಿತ್ತು. ಮುಖ್ಯ ಅತಿಥಿಯಾಗಿ ಬಂದು ಕಪಾಟಿನ ಮುಂದೆ ನಿಂತಿದ್ದ ಕುಲಪತಿಗಳು, "ಇದು ಯಾಕೆ ಇಷ್ಟು ಕುಗ್ಗಿದೆ?" ಎಂದರು. ಗಿರಿಮಲ್ಲ ಅತ್ತಿತ್ತ ನೋಡಿದ. ಮಲ್ಹಾರಿಯೇ ಪಂಪು ಎತ್ತಿಕೊಂಡ. ಕುಲಪತಿಗಳ ಎದುರಿಗೇ ಪಿನ್ನಿನ ಮೇಲೆ ಉಗುಳಿ, ಸವರಿ, ಗಾಳಿ ತುಂಬಿದ. ಆಮೇಲೆ ನನ್ನನ್ನು ಕಿವಿಗೆ ಹಿಡಿದು ಬಹಳ ಹೊತ್ತು ನಿಂತ.

"ವಾಲ್ವ್ ಹರದೈತಿ, ಗಿರಿಮಲ್ಲ. ಯಾರೋ ಒಣಾ ಪಿನ್ನ ಚುಚ್ಯಾರ."

"ಹಳೇ ಬಾಲ್ ಅಲ್ಲೋ, ಹರದಿರ್ತೈತಿ."

"ಅವತ್ತ ಹೊಸಾದಿತ್ತು."

ಕುಲಪತಿಗಳು ಮುಂದಿನ ಫೋಟೋದತ್ತ ಸರಿದರು. ಮಲ್ಹಾರಿ ನನ್ನನ್ನು ಗಿರಿಮಲ್ಲನ ಕೈಗಿಟ್ಟು ಮೈದಾನಕ್ಕೆ ಹೋದ.

ಗಿರಿಮಲ್ಲ ನನ್ನನ್ನು ಒಳಗಿಟ್ಟು ಕಪಾಟಿಗೆ ಬೀಗ ಹಾಕಿದ. ಇಷ್ಟು ವರ್ಷ ಅದಕ್ಕೆ ಬೀಗ ಇರಲಿಲ್ಲ.